ನಮ್ಮ ನೆರೆಯ ರಾಜಧಾನಿಗಳು

ರಜೆ ಬಂತೆಂದರೆ ಮನೆಯಲ್ಲಿ ಪ್ರವಾಸದ ಮಾತು ಏಳುತ್ತದೆ. ಮಕ್ಕಳಿಗೆ ಬೆಂಗಳೂರಿನ ವಿಧಾನಸೌಧ ನೋಡಬೇಕು, ಲಾಲ್‌ಬಾಗ್ ಸುತ್ತಬೇಕು, ಮೆಟ್ರೋದಲ್ಲಿ ಕೂರಬೇಕು. ಶಾಲೆಯವರು ಕರೆದುಕೊಂಡು ಹೋಗುವುದೂ ಬಹುಮಟ್ಟಿಗೆ ಬೆಂಗಳೂರು, ಮೈಸೂರಿಗೇ. ರಾಜಧಾನಿಯನ್ನು ನೋಡುವ ಆಸೆ ತಪ್ಪಲ್ಲ. ಆದರೆ ಕೆಂಪೇಗೌಡರು ಬೆಂಗಳೂರಿಗೆ ಮಣ್ಣಿನ ಕೋಟೆ ಕಟ್ಟಿಸಿದ್ದು 1537ರಲ್ಲಿ. ಅದಕ್ಕೂ ನೂರಾರು ವರ್ಷ ಮೊದಲೇ ಉಡುಪಿಯ ಆಸುಪಾಸಿನಲ್ಲಿ ರಾಜಧಾನಿಗಳಿದ್ದವು. ಅರಮನೆ, ಕೋಟೆ, ಟಂಕಸಾಲೆ, ಹಡಗು ನಿಲ್ಲುವ ಬಂದರು ಎಲ್ಲವೂ ಇದ್ದ ಪಟ್ಟಣಗಳವು. ಇಂದು ನಾವು ಬಸ್ಸಿನ ಕಿಟಕಿಯಿಂದ ಆ ಊರುಗಳ ಫಲಕ ನೋಡಿ ಮುಂದೆ ಸಾಗುತ್ತೇವೆ. ಮಕ್ಕಳಂತೂ ಅವುಗಳ ಹೆಸರನ್ನು ಮಾತ್ರ ಬಲ್ಲರು.

ಉದ್ಯಾವರ, ಬಾರ್ಕೂರು, ಕಾರ್ಕಳ - ಈ ಮೂರು ಊರುಗಳ ಕಥೆ ತಿಳಿದರೆ ತುಳುನಾಡಿನ ಅರ್ಧ ಚರಿತ್ರೆ ತಿಳಿದಂತೆ. ಅದರಲ್ಲಿ ಅರಸರ ಕಥೆಯಷ್ಟೇ ಅಲ್ಲ, ವ್ಯಾಪಾರಿಗಳ, ನಾವಿಕರ, ಹೆಣ್ಣುಮಕ್ಕಳ ಕಥೆಯೂ ಇದೆ. ಕಡಲ ತೀರದ ಮುಸ್ಲಿಮರ ಹಳೆಯ ಬದುಕಿನ ಒಂದು ಚಿತ್ರವೂ ಇದೆ.

ಹೆದ್ದಾರಿ ಬದಿಯ ಉದ್ಯಾವರ

ತುಳುನಾಡನ್ನು ಅತಿ ದೀರ್ಘಕಾಲ ಆಳಿದವರು ಆಳುಪರು. ಕನ್ನಡದ ಪ್ರಾಚೀನ ಶಾಸನವಾದ ಹಲ್ಮಿಡಿ ಶಾಸನದಲ್ಲಿಯೇ ಅವರ ಉಲ್ಲೇಖವಿದೆ. ಬಾದಾಮಿ ಚಾಲುಕ್ಯರು ಹೋದರು, ರಾಷ್ಟ್ರಕೂಟರು ಹೋದರು, ಹೊಯ್ಸಳರ ಕಾಲವೂ ಮುಗಿಯುತ್ತಾ ಬಂತು. ದೊಡ್ಡ ಅರಸರಿಗೆ ಕೆಲವೊಮ್ಮೆ ತಲೆಬಾಗಿ, ಕೆಲವೊಮ್ಮೆ ಸ್ವತಂತ್ರರಾಗಿ, ಆಳುಪರು ಮಾತ್ರ 14ನೇ ಶತಮಾನದವರೆಗೂ ಇಲ್ಲಿಯೇ ಉಳಿದರು. ಅವರ ಲಾಂಛನ ಜೋಡಿ ಮೀನು. ಮೀನು ಇಲ್ಲದ ಊಟವಿಲ್ಲ ಎನ್ನುವ ಕರಾವಳಿಗೆ ಇದಕ್ಕಿಂತ ತಕ್ಕ ಲಾಂಛನ ಬೇರೊಂದಿರಲಾರದು! ಅವರ ಚಿನ್ನದ ನಾಣ್ಯಗಳ ಮೇಲೂ ಮೀನುಗಳಿವೆ. ಕಾರ್ಕಳ ಸೀಮೆಯ ಬೆಳ್ಮಣ್ಣಿನಲ್ಲಿ ದೊರೆತ 8ನೇ ಶತಮಾನದ ಆಳುಪ ತಾಮ್ರಪಟವನ್ನು ಕನ್ನಡದ ಅತಿ ಹಳೆಯ ತಾಮ್ರಪಟವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಆಳುಪರ ರಾಜಧಾನಿ ಮೊದಲು ಮಂಗಳೂರಿನಲ್ಲಿತ್ತು. 8-9ನೇ ಶತಮಾನದ ಸುಮಾರಿಗೆ ಅದು ಉದ್ಯಾವರಕ್ಕೆ ಬಂತು. ಉಡುಪಿಯಿಂದ ಕಾಪು ಕಡೆಗೆ ಹೋಗುವಾಗ ಹೊಳೆ ದಾಟುವ ಮುಂಚೆ ಸಿಗುವ ಅದೇ ಉದ್ಯಾವರ. ಇಲ್ಲಿಯ ಶಂಭುಕಲ್ಲು ದೇವಾಲಯದ ಪರಿಸರದಲ್ಲಿ ಹಳೆಗನ್ನಡದ ಶಾಸನಗಳೂ ವೀರಗಲ್ಲುಗಳೂ ದೊರೆತಿವೆ. ಸಿಂಹಾಸನಕ್ಕಾಗಿ ಒಂದೇ ಮನೆತನದವರು ಪರಸ್ಪರ ಕಾದಾಡಿದ್ದನ್ನು, ಆ ಜಗಳದಲ್ಲಿ ಸತ್ತ ಸಾಮಾನ್ಯ ಯೋಧರನ್ನು ಈ ಕಲ್ಲುಗಳು ನೆನೆಯುತ್ತವೆ. ಸಾವಿರದ ಇನ್ನೂರು ವರ್ಷಗಳ ಹಿಂದಿನ ಅಣ್ಣತಮ್ಮಂದಿರ ಆಸ್ತಿ ಜಗಳಕ್ಕೆ ಇಂದು ಸಾಕ್ಷಿಯಾಗಿ ಉಳಿದಿರುವುದು ಅದರಲ್ಲಿ ಪ್ರಾಣ ಕಳೆದುಕೊಂಡವರ ಹೆಸರು ಹೊತ್ತ ಕಲ್ಲು ಮಾತ್ರ. ಅರಮನೆ ಎಲ್ಲಿತ್ತೆಂದು ಹುಡುಕಿದರೂ ಕಾಣದು.

ಬಾರ್ಕೂರು: ಕೇರಿಗಳ ಪಟ್ಟಣ

ಕೊನೆಗೆ ಆಳುಪರು ನೆಲೆನಿಂತದ್ದು ಬಾರ್ಕೂರಿನಲ್ಲಿ. ಹಳೆಯ ಶಾಸನಗಳ ಬಾರಕನೂರು ಇದೇ. ಉಡುಪಿಯಿಂದ ಸುಮಾರು 16 ಕಿ.ಮೀ. ದೂರ. ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಸೀತಾನದಿಯ ಬದಿಯ ಈ ಊರು ಈಗ ಗದ್ದೆ, ತೆಂಗು, ಹಂಚಿನ ಮನೆಗಳ ಶಾಂತ ಹಳ್ಳಿ. ಆದರೆ ಊರಿನ ಭಾಗಗಳ ಹೆಸರು ಕೇಳಿದರೆ ಹಳೆಯ ಪಟ್ಟಣ ಮಾತಾಡುತ್ತದೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ಒಂದು ಹಳ್ಳಿಗೆ ಇಷ್ಟು ಕೇರಿಗಳು ಏತಕ್ಕೆ? ಅದು ಹಳ್ಳಿಯಾಗಿರಲಿಲ್ಲ ಎಂಬುದೇ ಉತ್ತರ. ವರ್ಷದ ದಿನಕ್ಕೊಂದರಂತೆ ಇಲ್ಲಿ 365 ದೇವಾಲಯಗಳಿದ್ದವೆಂದು ಜನ ಹೇಳುತ್ತಾರೆ. ಲೆಕ್ಕ ಹಾಗಿರಲಿ, ಪಟ್ಟಣದ ದೊಡ್ಡಸ್ತಿಕೆಯ ನೆನಪು ಆ ಮಾತಿನಲ್ಲಿದೆ.

ಇಲ್ಲಿ ನೋಡಬೇಕಾದದ್ದರಲ್ಲಿ ಮುಖ್ಯವಾದದ್ದು ಕತ್ತಲೆ ಬಸದಿ. ಹೆಸರೇ ಹೇಳುವಂತೆ ಒಳಗೆ ಬೆಳಕು ಕಡಿಮೆ. ಮಳೆನಾಡಿಗೆ ತಕ್ಕಂತೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ ಮಾಡು. ನಮ್ಮ ಹಂಚಿನ ಮನೆಯ ಮಾಡನ್ನೇ ಕಲ್ಲಿನಲ್ಲಿ ಕಟ್ಟಿದಂತೆ ಕಾಣುತ್ತದೆ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯ ಊರಿನ ಹಳೆಯ ದೇವಾಲಯಗಳಲ್ಲಿ ಪ್ರಸಿದ್ಧ. ಕಲ್ಲುಚಪ್ಪರ ಎಂದು ಕರೆಯುವ ಕಲ್ಲಿನ ಮಂಟಪವೂ ಕೋಟೆಯ ಅವಶೇಷಗಳೂ ಇವೆ. ಕೋಟೆ ಎಂದರೆ ಚಿತ್ರದುರ್ಗದಂತಹ ದೊಡ್ಡ ಗೋಡೆಗಳನ್ನು ಕಲ್ಪಿಸಿಕೊಂಡು ಹೋಗಬೇಡಿ. ನೂರಾರು ಮಳೆಗಾಲ ಕಂಡ ಕೋಟೆ ಇದು. ಕರಗಿ ಗಿಡಮರಗಳ ನಡುವೆ ಅಡಗಿದೆ.

ಆಳುಪರ ನಂತರ ವಿಜಯನಗರದ ಕಾಲದಲ್ಲಿ ತುಳುನಾಡನ್ನು ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯ ಎಂದು ಎರಡಾಗಿ ವಿಂಗಡಿಸಲಾಗಿತ್ತು. ರಾಯರ ಅಧಿಕಾರಿಗಳು ಬಾರ್ಕೂರಿನಲ್ಲಿ ಕುಳಿತು ಆಳುತ್ತಿದ್ದರು. 'ಬಾರಕೂರು ಗದ್ಯಾಣ' ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಊರಿನ ಹೆಸರಿನಲ್ಲಿ ಹಣ ಓಡಾಡುತ್ತಿತ್ತೆಂದರೆ ಆ ಊರಿನ ಮೇಲೆ ವ್ಯಾಪಾರಿಗಳಿಗಿದ್ದ ನಂಬಿಕೆ ಎಷ್ಟಿರಬೇಕು!

ಮೊರಾಕ್ಕೊದ ಯಾತ್ರಿಕ ಕಂಡ ನಮ್ಮ ತೀರ

ಇಬ್ನ್ ಬತೂತರ ಹೆಸರನ್ನು ನಮ್ಮ ಮನೆಗಳಲ್ಲಿ ಕೇಳದವರು ಕಡಿಮೆ. ಮೊರಾಕ್ಕೊದಿಂದ ಹೊರಟು ಜಗತ್ತನ್ನೇ ಸುತ್ತಿದ ಈ ಯಾತ್ರಿಕ 1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಚೀನಾಕ್ಕೆ ಹೊರಟರು. ಆ ಪಯಣದಲ್ಲಿ ಅವರ ಹಡಗು ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಸಾಗಿತು. ಈ ಊರುಗಳನ್ನೆಲ್ಲ ಅವರು ತಮ್ಮ ಪ್ರವಾಸ ಕಥನದಲ್ಲಿ ವರ್ಣಿಸಿದ್ದಾರೆ. ಅರಬಿ ಉಚ್ಚಾರದಲ್ಲಿ ಬಸ್ರೂರು 'ಅಬೂ ಸರೂರ್' ಆಗಿದೆ, ಬಾರ್ಕೂರು 'ಫಾಕನೂರ್' ಆಗಿದೆ, ಮಂಗಳೂರು 'ಮಂಜರೂರ್' ಆಗಿದೆ.

ಬಾರ್ಕೂರು ಅವರಿಗೆ ಕಂಡದ್ದು ಅಳಿವೆಯ ಬದಿಯ ದೊಡ್ಡ ಪಟ್ಟಣವಾಗಿ. ಇಲ್ಲಿಯ ಕಬ್ಬಿನಷ್ಟು ಒಳ್ಳೆಯ ಕಬ್ಬು ಆ ಸೀಮೆಯಲ್ಲೇ ಬೇರೆಲ್ಲೂ ಇಲ್ಲ ಎನ್ನುತ್ತಾರೆ. ಅರಸನ ಹೆಸರನ್ನು 'ಬಾಸದೇವ್' ಎಂದು ಬರೆದಿದ್ದಾರೆ. ಅವನ ಬಳಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ಮುಖ್ಯಸ್ಥ ಲೂಲಾ ಎಂಬ ಮುಸ್ಲಿಮನಾಗಿದ್ದ. ಬತೂತರು ಅವನನ್ನು ಹೊಗಳುವುದಿಲ್ಲ. ವ್ಯಾಪಾರಿಗಳನ್ನು ದೋಚುವ ಕಡಲ್ಗಳ್ಳ ಎಂದೇ ಬರೆಯುತ್ತಾರೆ. ತನ್ನ ಧರ್ಮದವನೆಂದು ಕಳ್ಳನನ್ನು ಸಜ್ಜನನೆಂದು ಬರೆಯದ ಈ ಪ್ರಾಮಾಣಿಕತೆಯಿಂದಲೇ ಅವರ ಉಳಿದ ಮಾತುಗಳಿಗೂ ಬೆಲೆ ಬರುತ್ತದೆ. ಅತಿಥಿಗಳಿಗೆ ನಂಬಿಕೆ ಬರಲೆಂದು ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದ. ಬತೂತರು ದಡಕ್ಕಿಳಿದು ಮೂರು ರಾತ್ರಿ ಅವನ ಆತಿಥ್ಯ ಪಡೆದರು.

ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯಮನಿನ ವ್ಯಾಪಾರಿಗಳು ಬಂದಿಳಿಯುತ್ತಿದ್ದರು. ಕಾಳುಮೆಣಸು, ಶುಂಠಿ ಧಾರಾಳ. ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು. ಕೆಲವೊಮ್ಮೆ ಅವರಿಗೂ ಊರವರಿಗೂ ಜಗಳವಾಗುತ್ತಿತ್ತು. ಆಗ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಾಗಿದ್ದರು. ಏಳು ಶತಮಾನಗಳ ಹಿಂದೆಯೂ ಇಲ್ಲಿ ಜಗಳವಿತ್ತು, ಅದನ್ನು ನಿಲ್ಲಿಸುವ ಬುದ್ಧಿಯೂ ಇತ್ತು. ಗಲಾಟೆಯಾದರೆ ಬಂದರು ಮುಚ್ಚುತ್ತದೆ, ಎಲ್ಲರ ಒಲೆಯೂ ಆರುತ್ತದೆ ಎಂಬ ಸರಳ ಸತ್ಯ ಅಂದಿನ ಅರಸನಿಗೆ ತಿಳಿದಿತ್ತು.

ಈ ತೀರದ ದಾರಿಗಳ ಬಗ್ಗೆಯೂ ಬತೂತರು ಬರೆಯುತ್ತಾರೆ. ಗೋವೆಯಿಂದ ಕೊಲ್ಲಂವರೆಗೆ ಅರ್ಧ ಅರ್ಧ ಮೈಲಿಗೆ ದಾರಿಹೋಕರು ಕುಳಿತುಕೊಳ್ಳಲು ಮರದ ಕಟ್ಟೆಮನೆ, ಕುಡಿಯಲು ಬಾವಿಯ ನೀರು. ತಂಗುದಾಣಗಳಲ್ಲಿ ಮುಸ್ಲಿಮರ ಮನೆಗಳಿದ್ದು, ಪ್ರಯಾಣಿಕರಿಗೆ ಅಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದರು. ಕಳ್ಳತನದ ಭಯ ಇರಲಿಲ್ಲ. ಆ ಮನೆಗಳ ಒಲೆಯ ಮುಂದೆ ಯಾರಿದ್ದರೆಂದು ಅವರು ಬರೆದಿಲ್ಲ. ನಮಗದು ಊಹಿಸಲು ಕಷ್ಟವಲ್ಲ.

ಹದಿಮೂರು ಹೆಣ್ಣುಮಕ್ಕಳ ಶಾಲೆಗಳು

ಹೊನ್ನಾವರದ ವರ್ಣನೆಯಲ್ಲಿ ಒಂದು ಸಂಗತಿಯನ್ನು ನಮ್ಮ ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕು. ಅಲ್ಲಿಯ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದು ಬತೂತರು ಹೇಳುತ್ತಾರೆ. ಆ ಪಟ್ಟಣದಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಹೆಣ್ಣುಮಕ್ಕಳಿಗಾಗಿಯೇ 13 ಶಾಲೆಗಳನ್ನೂ ಅವರು ಕಂಡರು. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎನ್ನುತ್ತಾರೆ. ಮಕ್ಕಾ, ದಮಾಸ್ಕಸ್, ದೆಹಲಿ ಎಲ್ಲ ನೋಡಿದವರ ಮಾತಿದು! ಹೆಣ್ಣುಮಕ್ಕಳ ಓದು ನಮ್ಮ ಕರಾವಳಿಗೆ ಇತ್ತೀಚೆಗೆ ಹೊರಗಿನಿಂದ ಬಂದದ್ದಲ್ಲ. ಅದು ನಡುವೆ ಎಲ್ಲೋ ಕಳೆದುಹೋಗಿ ಮತ್ತೆ ಸಿಕ್ಕ ನಮ್ಮದೇ ಸೊತ್ತು.

ಆ ಮಹಿಳೆಯರ ಉಡುಗೆಯನ್ನೂ ಅವರು ಗಮನಿಸಿದ್ದಾರೆ. ಹೊಲಿಗೆಯಿಲ್ಲದ ಬಟ್ಟೆ, ಒಂದು ಭಾಗ ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ಎದೆ ಮತ್ತು ತಲೆಯ ಮೇಲೆ ಹೊದ್ದುಕೊಳ್ಳುವುದು. ತಲೆಗೆ ಸೆರಗು ಹೊದ್ದ ನಮ್ಮ ಅಜ್ಜಿಯರನ್ನು ನೋಡಿ ಬರೆದಂತಿದೆ. ಅಲ್ಲಿಯ ಸುಲ್ತಾನನ ಊಟವೂ ಪರಿಚಿತವೇ: ಅನ್ನ, ತುಪ್ಪ, ಕೋಳಿ, ಮೀನು, ಉಪ್ಪಿನಲ್ಲಿ ಹಾಕಿದ ಮೆಣಸು, ಶುಂಠಿ, ನಿಂಬೆ, ಮಾವಿನಕಾಯಿ, ಕೊನೆಗೆ ಮೊಸರು. ಹನ್ನೊಂದು ತಿಂಗಳು ಅಲ್ಲಿದ್ದು ರೊಟ್ಟಿಯನ್ನೇ ತಿನ್ನಲಿಲ್ಲವೆಂದು ಬತೂತರು ನೆನಪಿಸಿಕೊಳ್ಳುತ್ತಾರೆ. ಕರಾವಳಿಗೆ ಬಂದ ಬಯಲುಸೀಮೆಯ ನೆಂಟರು ಇಂದಿಗೂ ಇದನ್ನೇ ಹೇಳುವುದುಂಟು.

ತಂಗಿಯ ತ್ಯಾಗ, ರಾಣಿಯ ಆಳ್ವಿಕೆ

ಬಾರ್ಕೂರಿನ ಹೆಸರು ತುಳುನಾಡಿನಲ್ಲಿ ಬೇರೂರಿರುವುದು ಅಳಿಯಕಟ್ಟಿನ ಕಥೆಯಿಂದ. ಅರಸ ದೇವಪಾಂಡ್ಯನ ಹೊಸ ಹಡಗುಗಳು ಕಡಲಿಗಿಳಿಯದಂತೆ ಕುಂಡೋದರನೆಂಬ ಭೂತ ತಡೆದು ನರಬಲಿ ಕೇಳಿತಂತೆ. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ಅವನೇ ಭೂತಾಳ ಪಾಂಡ್ಯನಾಗಿ ಪಟ್ಟವೇರಿದ, ಅಂದಿನಿಂದ ಆಸ್ತಿ ಮಗನಿಗೆ ಬದಲು ಅಳಿಯನಿಗೆ, ಅಂದರೆ ಸಹೋದರಿಯ ಮಗನಿಗೆ ಸಲ್ಲುವ ಕಟ್ಟಳೆ ಬಂತು ಎಂದು ಕಥೆ.

ಇದು ಜನಪದ ಕಥೆ, ಚರಿತ್ರೆಯಲ್ಲ. ಆದರೆ ಅಳಿಯಸಂತಾನದ ಪದ್ಧತಿ ಮಾತ್ರ ನಿಜ. ಮನೆತನವನ್ನು ತಾಯಿಯ ಕಡೆಯಿಂದ ಎಣಿಸುವ ಈ ರೂಢಿ ತುಳುನಾಡಿನ ಹಲವು ಸಮುದಾಯಗಳಲ್ಲಿ ಶತಮಾನಗಳ ಕಾಲ ನಡೆಯಿತು. 1949ರಲ್ಲಿ ಮದ್ರಾಸ್ ಸರಕಾರ ಇದಕ್ಕಾಗಿಯೇ ಅಳಿಯಸಂತಾನ ಕಾಯ್ದೆಯನ್ನು ಮಾಡಿತು. ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲೇ ಇರುತ್ತಿತ್ತು ಎಂಬುದೂ ಸತ್ಯ. ಆದರೂ ಗಂಡ ತೀರಿಕೊಂಡರೆ ತಾಯಿಯ ಮನೆಯಲ್ಲಿ ಹೆಣ್ಣಿಗೆ ಹಕ್ಕಿನ ಜಾಗವಿತ್ತು.

ಬಾರ್ಕೂರಿನ ಸಿಂಹಾಸನದಲ್ಲೂ ಹೆಣ್ಣು ಕುಳಿತಿದ್ದಳು. 13ನೇ ಶತಮಾನದ ಕೊನೆಯ ಭಾಗದಲ್ಲಿ ಆಳುಪ ರಾಣಿ ಬಲ್ಲಮಹಾದೇವಿ ಇಲ್ಲಿಂದ ರಾಜ್ಯಭಾರ ಮಾಡಿದಳು. ಅರಸರಿಗೆ ಸಲ್ಲುವ ಬಿರುದುಗಳೊಂದಿಗೆ ಶಾಸನಗಳು ಅವಳನ್ನು ಹೆಸರಿಸುತ್ತವೆ. ಮುಂದೆ ಹೊಯ್ಸಳ ಮೂರನೇ ಬಲ್ಲಾಳನ ಕೈಹಿಡಿದ ಆಳುಪ ರಾಜಕುಮಾರಿ ಚಿಕ್ಕಾಯಿತಾಯಿ ಬಾರ್ಕೂರಿನಲ್ಲಿದ್ದು ಆಡಳಿತ ನಡೆಸಿದಳು.

ಬಂದರು ಬರಿದಾದಾಗ

16ನೇ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ್ ಬರಹಗಾರ ಬಾರ್ಬೋಸ ಬಾರ್ಕೂರು, ಬಸ್ರೂರುಗಳಿಂದ ಹಡಗುಗಟ್ಟಲೆ ಅಕ್ಕಿ ಹೊರ್ಮುಜ್ ಮತ್ತು ಏಡನ್‌ಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಗಲ್ಫ್ ದೇಶಗಳೊಂದಿಗೆ ಕರಾವಳಿಯ ನಂಟು ಪಾಸ್‌ಪೋರ್ಟ್ ಬಂದ ಮೇಲೆ ಶುರುವಾದದ್ದಲ್ಲ ಎಂದಾಯಿತು. ಈ ತೀರದ ಶಾಸನಗಳಲ್ಲಿ ವ್ಯಾಪಾರಿ ಸಂಘಗಳಿಗೆ 'ಹಂಜಮಾನ' ಎಂಬ ಪದವಿದೆ. ಅದು ಪರ್ಷಿಯನ್ ಭಾಷೆಯ 'ಅಂಜುಮನ್' ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಊರಿನ ಅಂಜುಮನ್ ಕಚೇರಿಯ ಫಲಕದ ಪದ ಅಷ್ಟು ಹಿಂದೆಯೇ ಕನ್ನಡ ಕಲ್ಲಿನ ಮೇಲೆ ಕುಳಿತಿತ್ತು!

ಆದರೆ ಪೋರ್ಚುಗೀಸರು ಕಡಲಿನ ಮೇಲೆ ಹಿಡಿತ ಸಾಧಿಸಿದಂತೆ ಅರಬಿ ವ್ಯಾಪಾರ ಕುಗ್ಗಿತು. 1565ರ ಯುದ್ಧದ ನಂತರ ವಿಜಯನಗರ ಕುಸಿಯಿತು. ಕೆಳದಿಯ ನಾಯಕರು ಘಟ್ಟ ಇಳಿದು ಬಂದು ತುಳುನಾಡನ್ನು ವಶಪಡಿಸಿಕೊಂಡರು. ಅಧಿಕಾರ ಬೇರೆಡೆಗೆ ಹೋದ ಮೇಲೆ ಬಾರ್ಕೂರಿಗೆ ಗದ್ದೆ, ನದಿ ಮತ್ತು ಕಥೆಗಳು ಮಾತ್ರ ಉಳಿದವು.

ಕಲ್ಲಿನೂರು ಕಾರ್ಕಳ

ಕರಾವಳಿಯಿಂದ ಘಟ್ಟದ ಕಡೆಗೆ ತಿರುಗಿದರೆ ಕಾರ್ಕಳ. ಉಡುಪಿಯಿಂದ ಒಂದು ಗಂಟೆಯ ದಾರಿ. ಇದು ಕಳಸ-ಕಾರ್ಕಳ ರಾಜ್ಯವನ್ನಾಳಿದ ಜೈನ ಅರಸರಾದ ಭೈರರಸರ ರಾಜಧಾನಿ. ಬಂಡೆಯ ಮೇಲೆ ನಿಂತ ಗೊಮ್ಮಟೇಶ್ವರನ ಏಕಶಿಲಾ ಮೂರ್ತಿಯ ಎತ್ತರ ಸುಮಾರು 42 ಅಡಿ. ಇದನ್ನು 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ. ಮೂರ್ತಿಯನ್ನು ಬೇರೆಡೆ ಕೆತ್ತಿ, ದೊಡ್ಡ ಬಂಡಿಯಲ್ಲಿ ಸಾವಿರಾರು ಜನ ಎಳೆದು ಗುಡ್ಡಕ್ಕೇರಿಸಿದರೆಂದು ಹಳೆಯ ವರ್ಣನೆಯಿದೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ಪಶ್ಚಿಮ ಘಟ್ಟ, ಕೆಳಗೆ ಇಡೀ ಊರು.

ಎದುರಿನ ಗುಡ್ಡದ ಮೇಲೆ ಚತುರ್ಮುಖ ಬಸದಿಯಿದೆ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು, 108 ಕಂಬಗಳು. ಯಾವ ಕಡೆಯಿಂದ ಬಂದವರಿಗೂ ಅದು ಮುಂಬಾಗಿಲೇ. ಕಟ್ಟಿಸಿದ ಅರಸ ತನ್ನ ಹಿಂದಿನ ಅರಸನ ಮಗನಲ್ಲ, ಸಹೋದರಿ ಗುಮ್ಮಟಾಂಬೆಯ ಮಗ. ಬಾರ್ಕೂರಿನ ಕಥೆಯ ಅಳಿಯಕಟ್ಟು ಇಲ್ಲಿ ಶಾಸನದಲ್ಲೇ ಸಿಗುತ್ತದೆ.

ಹಿರಿಯಂಗಡಿಯ ಎತ್ತರದ ಮಾನಸ್ತಂಭ ಮತ್ತು 1262ರಲ್ಲಿ ಪಾಂಡ್ಯದೇವ ಕಟ್ಟಿಸಿದ ಆನೆಕೆರೆಯನ್ನೂ ನೋಡಬೇಕು. ಅರಮನೆಯ ಆನೆಗಳು ಮೀಯುತ್ತಿದ್ದ ಕೆರೆ ಎಂಬುದರಿಂದ ಈ ಹೆಸರು. ಕಲ್ಲಿನ ಕೆಲಸ ಇಲ್ಲಿ ಅರಸರೊಂದಿಗೆ ಮುಗಿಯಲಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ್ದು ಕಾರ್ಕಳದಲ್ಲಿಯೇ. ಪಕ್ಕದ ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿಗೆ 2016ರಲ್ಲಿ ಬೆಸಿಲಿಕಾ ಪದವಿ ದೊರೆಯಿತು. ಜನವರಿಯ ಸಾಂತ್ ಮಾರಿ ಜಾತ್ರೆಗೆ ಎಲ್ಲ ಜಾತಿ ಧರ್ಮದವರೂ ಸೇರುತ್ತಾರೆ.

ಉಡುಪಿಯಲ್ಲೊಂದು ಮನೆ

ಈ ಪ್ರವಾಸದಲ್ಲಿ ಉಡುಪಿಯ ಒಂದು ಮನೆಯನ್ನು ಮರೆಯಬಾರದು. ಅದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮನೆ. ಬಡ್ಡಿ ವ್ಯವಹಾರಸ್ಥರ ಕೈಯಲ್ಲಿ ಸಿಕ್ಕಿ ನರಳುತ್ತಿದ್ದ ಜನರಿಗಾಗಿ 1906ರ ಮಾರ್ಚ್ 12ರಂದು ಅವರು ಇತರರೊಂದಿಗೆ ಸೇರಿ, ಐದು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. 2020ರಲ್ಲಿ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾಯಿತು. ಆದರೆ ಅವರ ಹಳೆಯ ಮನೆಯನ್ನು ಬ್ಯಾಂಕ್ ನಾಣ್ಯ ಸಂಗ್ರಹಾಲಯವಾಗಿ ಉಳಿಸಿತು. ಹಳೆಯ ರಾಜವಂಶಗಳ ನಾಣ್ಯಗಳನ್ನು ಅಲ್ಲಿ ಕಾಣಬಹುದು. ಉಡುಪಿಯ ತಾಯಿ-ಮಕ್ಕಳ ಆಸ್ಪತ್ರೆಗೂ ಅವರ ಹೆಸರಿದೆ. ಅದಕ್ಕೆ ಜಾಗ ಕೊಟ್ಟವರು ಅವರು.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ನಾಡಿನ ಹಲವೆಡೆ ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ್ದಾರೆ. ಜೈನ, ಕ್ರೈಸ್ತ, ಬ್ರಾಹ್ಮಣ ಮನೆಗಳ ಜೊತೆಗೆ ದಖನ್ನಿನ ನವಾಬ ಮಹಲೂ ಅಲ್ಲಿದೆ. ಅಡುಗೆಮನೆಗಳನ್ನು ನೋಡಲೆಂದಾದರೂ ನಮ್ಮ ಸಹೋದರಿಯರು ಅಲ್ಲಿಗೆ ಹೋಗಬೇಕು. ದಿನದ ಕೊನೆಗೆ ಕಾಪು ಕಡಲ ತೀರ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಸಂಜೆ ಹೊತ್ತು ಟಿಕೆಟು ಪಡೆದು ಹತ್ತಬಹುದು. ಇಬ್ನ್ ಬತೂತರ ಹಡಗು ಸಾಗಿದ ನೀರು ಅಲ್ಲಿಂದ ಕಾಣುತ್ತದೆ.

ಹೋಗುವವರಿಗೆ ನಾಲ್ಕು ಮಾತು

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಒಂದು ದಿನ ಬಾರ್ಕೂರು ಮತ್ತು ಉಡುಪಿ, ಇನ್ನೊಂದು ದಿನ ಕಾರ್ಕಳ, ಬರುವಾಗ ಕಾಪು ಎಂದು ಇಟ್ಟುಕೊಂಡರೆ ಆಯಾಸವಿಲ್ಲ. ಗೊಮ್ಮಟ ಬೆಟ್ಟಕ್ಕೆ ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಬಂಡೆ ಕಾಲು ಸುಡುತ್ತದೆ. ಸಂಗ್ರಹಾಲಯ ಮತ್ತು ಹಸ್ತಶಿಲ್ಪದ ಸಮಯ, ರಜಾದಿನಗಳನ್ನು ಮೊದಲೇ ವಿಚಾರಿಸಿ. ಬಸದಿ, ದೇವಾಲಯಗಳಲ್ಲಿ ಚಪ್ಪಲಿ ಹೊರಗಿಡುವುದು, ಪೂಜೆಯ ಹೊತ್ತಿನಲ್ಲಿ ದೂರ ನಿಲ್ಲುವುದು ನೆರೆಯವರಿಗೆ ನಾವು ತೋರುವ ಗೌರವ. ಶಾಸನದ ಕಲ್ಲನ್ನು ಉಜ್ಜುವುದು, ಅದರ ಮೇಲೆ ಹೆಸರು ಗೀಚುವುದು ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿ.

ಇತಿಹಾಸ ತಿಳಿಯದವರ ಬಾಯಿಯಲ್ಲಿ ಇಂದು ಇತಿಹಾಸದ ಮಾತೇ ಹೆಚ್ಚು. ಇವರು ಇಲ್ಲಿಯವರು, ಅವರು ಹೊರಗಿನವರು ಎಂಬ ತೀರ್ಪು ಮೊಬೈಲಿನಲ್ಲಿ ಕ್ಷಣಕ್ಕೊಂದು ಬರುತ್ತದೆ. ನಮ್ಮ ಮಕ್ಕಳಿಗೆ ಅದಕ್ಕೆ ಜಗಳದಿಂದ ಉತ್ತರಿಸಲು ಕಲಿಸುವುದು ಬೇಡ. ಜೈನ ಅರಸನ ಬಸದಿ, ಆಳುಪ ರಾಣಿಯ ಬಾರ್ಕೂರು, ಹೊನ್ನಾವರದ ಹುಡುಗಿಯರ ಶಾಲೆ, ಹಾಜಿ ಅಬ್ದುಲ್ಲಾರ ಮನೆ - ಎಲ್ಲವೂ ತಮ್ಮದೇ ಊರಿನ ಕಥೆ ಎಂದು ಅವರಿಗೆ ತಿಳಿದಿದ್ದರೆ ಸಾಕು. ಬೆಂಗಳೂರಿಗೆ ಮುಂದಿನ ರಜೆಯಲ್ಲೂ ಹೋಗಬಹುದು. ಈ ಸಲ ಬ್ರಹ್ಮಾವರದಲ್ಲಿ ಬಸ್ಸಿಳಿಯಿರಿ.